ಮಿದುಳಿಗೆ ಮಂದ ವಿದ್ಯುತ್: ಲಕ್ವ ಹೊಡೆದ ಕೈ ಇದರಿಂದ ಕಲಿಯುವುದೇ?



ಲಕ್ವ ಹೊಡೆದವರ ಜೀವ ಉಳಿದ ಮೇಲೆ ಮನೆಯವರೆಲ್ಲರ ಮನಸ್ಸಿನಲ್ಲಿ ನಿಲ್ಲುವ ಪ್ರಶ್ನೆ ಒಂದೇ: "ಕೈ ಮತ್ತೆ ಬರುತ್ತದೆಯೇ?" ಅನೇಕರಿಗೆ ಕಾಲು ಹೇಗೋ ಕೋಲು ಹಿಡಿದು ನಡೆಯುವಷ್ಟು ಸುಧಾರಿಸುತ್ತದೆ. ಕೈ ಮಾತ್ರ ಹಿಂದೆ ಬೀಳುತ್ತದೆ. ರೊಟ್ಟಿ ಮುರಿಯಲಾಗದು, ಅಂಗಿಯ ಗುಂಡಿ ಹಾಕಲಾಗದು, ಬ್ಯಾಂಕಿನಲ್ಲಿ ಸಹಿ ಮಾಡಲಾಗದು. ಇಂಥ ಹೊತ್ತಿನಲ್ಲಿ ಯಾರೋ ಒಬ್ಬರು ಬಂದು, "ದೊಡ್ಡ ಊರಿನಲ್ಲಿ ತಲೆಗೆ ಸಣ್ಣ ಕರೆಂಟು ಕೊಡುತ್ತಾರಂತೆ, ಅದರಿಂದ ಕೈ ಎದ್ದು ಬರುತ್ತದಂತೆ" ಎನ್ನುತ್ತಾರೆ. ಇನ್ನೊಬ್ಬರು ಮೊಬೈಲಿನಲ್ಲಿ ಆ ಯಂತ್ರದ ಚಿತ್ರವನ್ನೂ ಬೆಲೆಯನ್ನೂ ತೋರಿಸುತ್ತಾರೆ. ಮನೆಯಲ್ಲಿ ಎತ್ತು ಮಾರುವ, ಬಂಗಾರ ಒತ್ತೆ ಇಡುವ ಮಾತು ಶುರುವಾಗುತ್ತದೆ.

ಆ ಮಾತು ಮುಗಿಯುವ ಮೊದಲು ಈ ಪಾಠವನ್ನು ಓದಿರಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿರಿ.

ಉತ್ತರವನ್ನು ಮೊದಲೇ ಹೇಳಿಬಿಡೋಣ. ಕೈಗೆ ಕೆಲಸ ಕಲಿಸುವುದು ಅಭ್ಯಾಸ. ಮಂದ ವಿದ್ಯುತ್ತು ಆ ಅಭ್ಯಾಸಕ್ಕೆ ನೆರವಾದೀತೇ ಎಂದು ವಿಜ್ಞಾನಿಗಳು ಇಪ್ಪತ್ತೈದು ವರ್ಷಗಳಿಂದ ಪರೀಕ್ಷಿಸುತ್ತಿದ್ದಾರೆ. ಕೆಲವು ಪರೀಕ್ಷೆಗಳು ಆಸೆ ಹುಟ್ಟಿಸಿವೆ, ಕೆಲವು ನಿರಾಸೆ ಮಾಡಿವೆ. ಆದರೆ ಅಭ್ಯಾಸವಿಲ್ಲದೆ ಬರಿಯ ವಿದ್ಯುತ್ತಿನಿಂದ ಕೆಲಸ ಮರೆತ ಕೈ ಕೆಲಸ ಕಲಿಯಿತು ಎಂದು ಯಾವ ಒಳ್ಳೆಯ ಪರೀಕ್ಷೆಯೂ ತೋರಿಸಿಲ್ಲ. ಇದು ಏಕೆ ಎಂಬುದನ್ನು ಈಗ ಒಂದೊಂದಾಗಿ ತಿಳಿದುಕೊಳ್ಳೋಣ.

1. ಲಕ್ವದಲ್ಲಿ ಕೆಟ್ಟಿರುವುದು ಏನು?

ಲಕ್ವ ಅಥವಾ ಪಾರ್ಶ್ವವಾಯು ಎಂದರೆ ಮಿದುಳಿನ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು, ಮಿದುಳಿನ ಒಂದು ಭಾಗಕ್ಕೆ ರಕ್ತ ಸಿಗದೆ ಅಲ್ಲಿನ ನರಕೋಶಗಳು ಸಾಯುವುದು. ನಮ್ಮ ಮಿದುಳಿನ ಮೇಲ್ಪದರದಲ್ಲಿ, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ತಲೆಯ ಮೇಲೆ ಪಟ್ಟಿ ಕಟ್ಟಿದರೆ ಅದರ ಕೆಳಗೆ ಬರುವಷ್ಟು ಜಾಗದಲ್ಲಿ, ಚಲನೆಯ ಕೇಂದ್ರವಿದೆ. ಕಾಲಿಗೊಂದು ಜಾಗ, ತೋಳಿಗೊಂದು ಜಾಗ, ಬೆರಳುಗಳಿಗೆ ಮತ್ತು ಮುಖಕ್ಕೆ ಬಹಳ ದೊಡ್ಡ ಜಾಗ. ಎಡ ಮಿದುಳು ಬಲಗೈಯನ್ನೂ ಬಲ ಮಿದುಳು ಎಡಗೈಯನ್ನೂ ಆಡಿಸುತ್ತವೆ.

ಹೀಗಾಗಿ ಲಕ್ವ ಹೊಡೆದ ಕೈಯ ಮೂಳೆ, ಮಾಂಸ, ನರಗಳು ಮೊದಲಿಗೆ ಚೆನ್ನಾಗಿಯೇ ಇರುತ್ತವೆ. ಮೇಲಿನಿಂದ ಅಪ್ಪಣೆ ಬರುವುದು ನಿಂತಿರುತ್ತದೆ. ಕೈಗೆ ಎಣ್ಣೆ ಹಚ್ಚಿ ತಿಕ್ಕುವುದರಿಂದ ಹಿತವಾಗಬಹುದು, ಆದರೆ ಅಪ್ಪಣೆ ಹುಟ್ಟುವ ಜಾಗ ತಲೆಯಲ್ಲಿದೆ ಎಂಬುದನ್ನು ಮರೆಯಬಾರದು.

2. ಮಿದುಳು ಮತ್ತೆ ಕಲಿಯುವುದು ಹೇಗೆ?

ಸತ್ತ ನರಕೋಶ ಮತ್ತೆ ಹುಟ್ಟಿಬರುವುದಿಲ್ಲ. ಆದರೆ ಅದರ ಸುತ್ತಲಿನ, ಬದುಕುಳಿದ ಕೋಶಗಳು ಹೊಸ ಸಂಪರ್ಕ ಬೆಳೆಸಿಕೊಂಡು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ವಹಿಸಿಕೊಳ್ಳಬಲ್ಲವು. ಹೊಲದ ಬದುವಿನ ಮೇಲಿನ ಕಾಲುದಾರಿಯನ್ನು ನೆನಪಿಸಿಕೊಳ್ಳಿರಿ. ಒಮ್ಮೆ ನಡೆದರೆ ಹುಲ್ಲು ಬಾಗುತ್ತದೆ, ಮರುದಿನ ಎದ್ದು ನಿಲ್ಲುತ್ತದೆ. ದಿನವೂ ಹತ್ತು ಸಲ ನಡೆದರೆ ದಾರಿ ಬೀಳುತ್ತದೆ. ನಡೆಯುವುದನ್ನು ಬಿಟ್ಟರೆ ಮತ್ತೆ ಹುಲ್ಲು ಮುಚ್ಚುತ್ತದೆ. ಮಿದುಳಿನಲ್ಲಿ ದಾರಿ ಬೀಳುವುದೂ ಹೀಗೆಯೇ.

ಇದು ಬರಿಯ ಹೋಲಿಕೆಯಲ್ಲ. 1996ರಲ್ಲಿ ಅಮೆರಿಕದ ರಾಂಡಾಲ್ಫ್ ನೂಡೊ ಮತ್ತು ಸಂಗಡಿಗರು ಮಂಗಗಳ ಮಿದುಳಿನಲ್ಲಿ ಬೆರಳಾಡಿಸುವ ಜಾಗಕ್ಕೆ ಸಣ್ಣ ಪೆಟ್ಟಾದಾಗ ಏನಾಗುತ್ತದೆ ಎಂದು ನೋಡಿದರು. ಅಭ್ಯಾಸ ಮಾಡಿಸದೆ ಬಿಟ್ಟ ಮಂಗಗಳಲ್ಲಿ, ಪೆಟ್ಟಿನ ಪಕ್ಕದಲ್ಲಿದ್ದ ಒಳ್ಳೆಯ ಭಾಗದಲ್ಲಿಯೂ ಬೆರಳಿನ ಜಾಗ ಕುಗ್ಗಿತು. ಸಣ್ಣ ಕುಳಿಗಳಿಂದ ತಿನಿಸು ತೆಗೆಯುವ ಕೆಲಸವನ್ನು ಆ ಸೋತ ಕೈಯಿಂದಲೇ ಮಾಡಿಸಿದಾಗ ಆ ಜಾಗ ಉಳಿಯಿತು. ಕೆಲವು ಮಂಗಗಳಲ್ಲಿ ಅದು ಪಕ್ಕದ ಮೊಣಕೈ, ಭುಜದ ಜಾಗಕ್ಕೂ ಹಬ್ಬಿತು.

ಇದರ ಅರ್ಥ ಗಂಭೀರವಾದದ್ದು. ಕೈಯನ್ನು ಸುಮ್ಮನೆ ಮಡಿಲಲ್ಲಿಟ್ಟು ಕೂತರೆ ಇದ್ದ ಸ್ಥಿತಿಯಲ್ಲಿಯೇ ಉಳಿಯುತ್ತೇವೆ ಎಂದು ತಿಳಿಯಬಾರದು. ಉಳಿದಿರುವ ಶಕ್ತಿಯೂ ಹೋಗುತ್ತದೆ. ಒಳ್ಳೆಯ ಕೈಯೇ ಎಲ್ಲ ಕೆಲಸ ಮಾಡುತ್ತಾ ಹೋದಾಗ ಸೋತ ಕೈ "ಕೆಲಸ ಮಾಡದಿರುವುದನ್ನು" ಕಲಿತುಬಿಡುತ್ತದೆ ಎಂದು ಅಮೆರಿಕದ ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ ತೋರಿಸಿದರು.

ಇನ್ನೊಂದು ಸಂಗತಿ ನಿದ್ದೆಯದು. 2002ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಿಗೆ ಬೆರಳುಗಳಿಂದ ಒಂದು ಕ್ರಮದಲ್ಲಿ ಗುಂಡಿ ಒತ್ತುವುದನ್ನು ಕಲಿಸಿದರು. ಒಂದು ರಾತ್ರಿ ನಿದ್ದೆ ಮಾಡಿ ಎದ್ದ ಮೇಲೆ, ನಡುವೆ ಏನೂ ಅಭ್ಯಾಸ ಮಾಡದಿದ್ದರೂ, ಅವರ ವೇಗ ಸುಮಾರು 20 ಪ್ರತಿಶತ ಹೆಚ್ಚಿತ್ತು. ಅಷ್ಟೇ ಹೊತ್ತು ಎಚ್ಚರವಾಗಿದ್ದವರಲ್ಲಿ ಹಾಗಾಗಲಿಲ್ಲ. ಅಂದರೆ ಹಗಲು ಮಾಡಿದ ಅಭ್ಯಾಸವನ್ನು ಮಿದುಳು ರಾತ್ರಿ ಗಟ್ಟಿ ಮಾಡಿಕೊಳ್ಳುತ್ತದೆ.

3. ಮಂದ ವಿದ್ಯುತ್ ಚಿಕಿತ್ಸೆ ಎಂದರೇನು?

ಇದಕ್ಕೆ ವೈದ್ಯರು "ಟಿ.ಡಿ.ಸಿ.ಎಸ್." ಎಂದು ಹೆಸರಿಟ್ಟಿದ್ದಾರೆ. ತಲೆಬುರುಡೆಯ ಹೊರಗಿನಿಂದಲೇ, ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಹರಿಸುವುದು ಎಂದು ಇದರ ಅರ್ಥ. ಇದರಲ್ಲಿ ಶಸ್ತ್ರಚಿಕಿತ್ಸೆ ಇಲ್ಲ, ಸೂಜಿ ಇಲ್ಲ, ಅರಿವಳಿಕೆ ಇಲ್ಲ. ಉಪ್ಪುನೀರಿನಲ್ಲಿ ನೆನೆಸಿದ, ಅಂಗೈಗಿಂತ ಚಿಕ್ಕದಾದ ಎರಡು ಸ್ಪಂಜುಗಳ ಒಳಗೆ ರಬ್ಬರಿನ ಎಲೆಕ್ಟ್ರೋಡ್ ಇಟ್ಟು ತಲೆಗೆ ಪಟ್ಟಿ ಕಟ್ಟುತ್ತಾರೆ. ಕೈಯ ಅಭ್ಯಾಸಕ್ಕಾದರೆ ಒಂದನ್ನು ಚಲನೆಯ ಕೇಂದ್ರದ ಮೇಲೆ, ಇನ್ನೊಂದನ್ನು ಸಾಮಾನ್ಯವಾಗಿ ಹಣೆಯ ಮೇಲೆ ಅಥವಾ ತಲೆಯ ಇನ್ನೊಂದು ಬದಿಗೆ ಇಡುತ್ತಾರೆ. ಬ್ಯಾಟರಿಯಿಂದ ನಡೆಯುವ ಸಣ್ಣ ಪೆಟ್ಟಿಗೆಯಿಂದ 1 ಅಥವಾ 2 ಮಿಲಿ ಆಂಪಿಯರ್ ವಿದ್ಯುತ್ತನ್ನು ಸುಮಾರು 20 ನಿಮಿಷ ಹರಿಸುತ್ತಾರೆ. ಹಳೆಯ ಕಾಲದ ಟಾರ್ಚಿನ ಸಣ್ಣ ಬಲ್ಬು ಉರಿಯಲು ಇದಕ್ಕಿಂತ ನೂರು ಪಟ್ಟಿಗೂ ಹೆಚ್ಚು ವಿದ್ಯುತ್ತು ಬೇಕು. ಈ ಅಲ್ಪ ವಿದ್ಯುತ್ತಿನಲ್ಲಿಯೂ ಹೆಚ್ಚಿನ ಭಾಗ ಚರ್ಮದಲ್ಲಿಯೇ ಹರಿದುಹೋಗುತ್ತದೆ. ಬುರುಡೆ ದಾಟಿ ಮಿದುಳು ಮುಟ್ಟುವುದು ಸ್ವಲ್ಪ ಮಾತ್ರ.

2000ರಲ್ಲಿ ಜರ್ಮನಿಯ ಗ್ಯೋಟಿಂಗನ್ ಊರಿನ ಮೈಕೆಲ್ ನಿಟ್ಶೆ ಮತ್ತು ವಾಲ್ಟರ್ ಪೌಲಸ್ ಎಂಬ ವೈದ್ಯರು ಇದರ ಪರಿಣಾಮವನ್ನು ಮನುಷ್ಯರಲ್ಲಿ ಅಳೆದು ತೋರಿಸಿದರು. ಚಲನೆಯ ಕೇಂದ್ರದ ಮೇಲೆ ಧನ ಎಲೆಕ್ಟ್ರೋಡ್ ಇಟ್ಟು ಕೆಲವು ನಿಮಿಷ 1 ಮಿಲಿ ಆಂಪಿಯರ್ ಹರಿಸಿದರೆ ಆ ಭಾಗದ ಚುರುಕು ಹೆಚ್ಚುತ್ತಿತ್ತು. ಋಣ ಎಲೆಕ್ಟ್ರೋಡ್ ಇಟ್ಟರೆ ಕಡಿಮೆಯಾಗುತ್ತಿತ್ತು. ಈ ಏರುಪೇರು 40 ಪ್ರತಿಶತದವರೆಗೂ ಇತ್ತು. ಮರುವರ್ಷ ಅವರೇ, ಸುಮಾರು 13 ನಿಮಿಷ ವಿದ್ಯುತ್ತು ಕೊಟ್ಟರೆ ಅದನ್ನು ನಿಲ್ಲಿಸಿದ ಮೇಲೂ ಪರಿಣಾಮ ಒಂದೂವರೆ ಗಂಟೆಯವರೆಗೆ ಉಳಿಯಬಲ್ಲದು ಎಂದು ತೋರಿಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಇಷ್ಟು ಮಂದವಾದ ವಿದ್ಯುತ್ತು ನರಕೋಶಕ್ಕೆ ತಾನಾಗಿ ಅಪ್ಪಣೆ ಹೊರಡಿಸಲು ಹೇಳುವುದಿಲ್ಲ. ಸ್ಪಂಜು ಇಟ್ಟ ಕೂಡಲೇ ಬೆರಳು ಅಲುಗುವುದಿಲ್ಲ. ಕೋಶವು ಅಪ್ಪಣೆ ಹೊರಡಿಸಲು ಸ್ವಲ್ಪ ಹೆಚ್ಚು ಸಿದ್ಧವಾಗಿರುತ್ತದೆ, ಅಷ್ಟೇ. ಒಕ್ಕಲುತನ ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ಮಳೆ ಬಿದ್ದು ಭೂಮಿಗೆ ಹದ ಬಂತು ಎಂದರೆ ಬೆಳೆ ಬಂತು ಎಂದಲ್ಲ. ಹದ ಇರುವಾಗಲೇ ಬಿತ್ತಬೇಕು. ಬಿತ್ತದೆ ಕೂತರೆ ಹದ ಆರಿಹೋಗುತ್ತದೆ. ವಿದ್ಯುತ್ತು ಕೊಡುವುದು ಹದವನ್ನು ಮಾತ್ರ. ಬೀಜ ಎಂದರೆ ಅಭ್ಯಾಸ.

4. ಇದನ್ನು ಬೇರೆ "ಕರೆಂಟು"ಗಳೊಂದಿಗೆ ಬೆರೆಸಬೇಡಿರಿ

ಆಸ್ಪತ್ರೆಯಲ್ಲಿ ಕರೆಂಟು ಎಂಬ ಒಂದೇ ಮಾತನ್ನು ನಾಲ್ಕಾರು ಚಿಕಿತ್ಸೆಗಳಿಗೆ ಬಳಸುವುದರಿಂದ ಗೊಂದಲವಾಗುತ್ತದೆ.

ಮಾನಸಿಕ ಕಾಯಿಲೆಯಲ್ಲಿ ಕೊಡುವ "ಶಾಕ್" ಚಿಕಿತ್ಸೆ ಬೇರೆ. ಅದರಲ್ಲಿ ಅರಿವಳಿಕೆ ಕೊಟ್ಟು, ಸುಮಾರು 800 ಮಿಲಿ ಆಂಪಿಯರಿನಷ್ಟು ವಿದ್ಯುತ್ತನ್ನು ಕೆಲವೇ ಸೆಕೆಂಡು ಹರಿಸಿ, ವೈದ್ಯರ ಹಿಡಿತದಲ್ಲಿಯೇ ಫಿಟ್ಸ್ ಬರಿಸುತ್ತಾರೆ. ಮಂದ ವಿದ್ಯುತ್ತಿನಲ್ಲಿ ರೋಗಿ ಎಚ್ಚರವಾಗಿ ಕುಳಿತು ಮಾತನಾಡುತ್ತಿರುತ್ತಾರೆ.

ಫಿಜಿಯೋಥೆರಪಿ ವಿಭಾಗದಲ್ಲಿ ಮುಂಗೈಗೆ ಅಥವಾ ಕಾಲಿಗೆ ಪಟ್ಟಿ ಕಟ್ಟಿ ಕೊಡುವ ಕರೆಂಟು ಬೇರೆ. ಅದು ನೇರವಾಗಿ ನರ ಮತ್ತು ಸ್ನಾಯುಗಳನ್ನು ಕುಣಿಸುತ್ತದೆ, ಬೆರಳು ಅಲುಗುವುದು ಕಣ್ಣಿಗೆ ಕಾಣುತ್ತದೆ.

ತಲೆಯ ಮೇಲೆ ಸುರುಳಿ ಹಿಡಿದು "ಟಕ್ ಟಕ್" ಎಂದು ಕೊಡುವುದು ಅಯಸ್ಕಾಂತದ ಚಿಕಿತ್ಸೆ. ತಲೆಯೊಳಗೆ ತಂತಿ ಇಡುವುದು ಶಸ್ತ್ರಚಿಕಿತ್ಸೆ. ಇವೆಲ್ಲ ಬೇರೆ ಬೇರೆ. ಒಂದರಿಂದ ಯಾರಿಗೋ ಗುಣವಾಯಿತು ಎಂದರೆ ಇನ್ನೊಂದರಿಂದಲೂ ಆಗುತ್ತದೆ ಎಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮಂದ ವಿದ್ಯುತ್ತಿನ ಬಗ್ಗೆ ಸಾಕಷ್ಟು ಸಂಶೋಧನೆ ನಡೆಸಿದ್ದಾರೆ. ಅದರಲ್ಲಿ ಬಹುಪಾಲು, ಕಿವಿಯಲ್ಲಿ ಇಲ್ಲದ ಧ್ವನಿ ಕೇಳಿಸುವಂಥ ಮನೋರೋಗಗಳಿಗೆ ಸಂಬಂಧಿಸಿದ್ದು. ಅದನ್ನು ಕೇಳಿ ಲಕ್ವಕ್ಕೂ ಅದೇ ಫಲ ಎಂದು ಎಣಿಸಬಾರದು.

5. ಕಲಿಕೆಗೆ ಇದರಿಂದ ಲಾಭವಾಯಿತೇ?

ಇದನ್ನು ತಿಳಿಯುವ ಮೊದಲು "ತೋರಿಕೆಯ ಚಿಕಿತ್ಸೆ" ಎಂದರೇನು ಎಂದು ತಿಳಿಯಬೇಕು. ಹೊಸ ಚಿಕಿತ್ಸೆ ಎಂದರೆ ರೋಗಿಗೂ ಮನೆಯವರಿಗೂ ಉತ್ಸಾಹ ಬರುತ್ತದೆ, ಉತ್ಸಾಹದಿಂದಲೇ ಅಭ್ಯಾಸ ಹೆಚ್ಚುತ್ತದೆ. ಲಕ್ವವಾದ ಮೊದಲ ಕೆಲವು ತಿಂಗಳಲ್ಲಿ ತಾನಾಗಿಯೂ ಸ್ವಲ್ಪ ಗುಣ ಕಾಣುತ್ತದೆ. ಇದನ್ನೆಲ್ಲ ಯಂತ್ರದ ಲೆಕ್ಕಕ್ಕೆ ಹಾಕಬಾರದಲ್ಲವೇ? ಅದಕ್ಕಾಗಿ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ನಿಜವಾದ ವಿದ್ಯುತ್ತು. ಇನ್ನೊಂದು ಗುಂಪಿಗೆ ಅದೇ ಸ್ಪಂಜು, ಅದೇ ಪೆಟ್ಟಿಗೆ, ಮೊದಲ ಅರ್ಧ ನಿಮಿಷ ಚುರುಚುರು ಎನಿಸಿ ಆಮೇಲೆ ವಿದ್ಯುತ್ತು ನಿಂತುಹೋಗುತ್ತದೆ. ಯಾರಿಗೆ ಯಾವುದು ಎಂದು ರೋಗಿಗೂ ಅಳೆಯುವವರಿಗೂ ಗೊತ್ತಿರುವುದಿಲ್ಲ. ಎರಡೂ ಗುಂಪಿಗೆ ಅಭ್ಯಾಸ ಒಂದೇ. ಕೊನೆಗೆ ವ್ಯತ್ಯಾಸ ಕಂಡರೆ ಮಾತ್ರ ಅದು ವಿದ್ಯುತ್ತಿನ ಗುಣ.

ಇನ್ನು ಪರೀಕ್ಷೆಗಳ ಫಲ ನೋಡೋಣ.

2009ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜನೀನ್ ರೈಸ್, ಲಿಯೊನಾರ್ಡೊ ಕೊಹೆನ್ ಮತ್ತು ಸಂಗಡಿಗರು ಆರೋಗ್ಯವಂತರಿಗೆ ಐದು ದಿನ ಒಂದು ಕೈಚಳಕ ಕಲಿಸಿದರು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒಂದು ಉಪಕರಣವನ್ನು ಹದವಾಗಿ ಒತ್ತಿ ಪರದೆಯ ಮೇಲಿನ ಗುರುತನ್ನು ಸರಿಯಾದ ಜಾಗಕ್ಕೆ ಒಯ್ಯುವುದು ಆ ಕೆಲಸ. ಅಭ್ಯಾಸದ ಜೊತೆಗೆ ದಿನಕ್ಕೆ 20 ನಿಮಿಷ ವಿದ್ಯುತ್ತು ಪಡೆದವರು ಹೆಚ್ಚು ಕಲಿತರು. ಆಶ್ಚರ್ಯವೆಂದರೆ ಆ ಹೆಚ್ಚಿನ ಲಾಭ ಬಂದದ್ದು ಅಭ್ಯಾಸ ಮಾಡುವ ಹೊತ್ತಿನಲ್ಲಲ್ಲ. ಒಂದು ದಿನದ ಅಭ್ಯಾಸಕ್ಕೂ ಮರುದಿನದ ಅಭ್ಯಾಸಕ್ಕೂ ನಡುವಿನ ಬಿಡುವಿನಲ್ಲಿ ಬಂದಿತು. ಮರೆಯುವ ವೇಗ ಎರಡೂ ಗುಂಪಿಗೂ ಒಂದೇ ಆಗಿತ್ತು, ಆದರೆ ಮೊದಲಿಗೆ ಹೆಚ್ಚು ಕಲಿತಿದ್ದರಿಂದ ಮೂರು ತಿಂಗಳಾದರೂ ವಿದ್ಯುತ್ತು ಪಡೆದವರೇ ಮುಂದಿದ್ದರು.

ಲಕ್ವ ರೋಗಿಗಳಲ್ಲಿ 2005ರಲ್ಲಿ ನಡೆದ ಒಂದು ಮೊದಲ ಪರೀಕ್ಷೆಯಲ್ಲಿ ಇದ್ದವರು ಆರೇ ಜನ. ವಿದ್ಯುತ್ತು ಕೊಟ್ಟಾಗ ಅವರ ಕೈಕೆಲಸ ಸ್ವಲ್ಪ ಚುರುಕಾಯಿತು. 2016ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ, ಲಕ್ವವಾಗಿ ಆರು ತಿಂಗಳಿಗೂ ಹೆಚ್ಚಾದ 24 ಜನರಿಗೆ ಒಂಬತ್ತು ದಿನ ಕೈಯ ಅಭ್ಯಾಸ ಮಾಡಿಸಿದರು. ವಿದ್ಯುತ್ತು ಪಡೆದ ಗುಂಪು, ವಸ್ತು ಹಿಡಿಯುವ, ಎತ್ತುವ ಪರೀಕ್ಷೆಗಳಲ್ಲಿ ಮೂರು ತಿಂಗಳ ನಂತರವೂ ಮುಂದಿತ್ತು. ಕೈಯ ಚಲನೆಯನ್ನು ಅಳೆಯುವ ಇನ್ನೊಂದು ಪರೀಕ್ಷೆಯಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ.

ಸಣ್ಣ ಪರೀಕ್ಷೆಗಳಲ್ಲಿ ಕಂಡ ಲಾಭ ದೊಡ್ಡ ಪರೀಕ್ಷೆಯಲ್ಲಿ ನಿಲ್ಲುತ್ತದೆಯೇ ಎಂಬುದೇ ಮುಖ್ಯ. 2025ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಪರೀಕ್ಷೆಯ ಫಲ ಹೊರಬಂದಿತು. ಲಕ್ವವಾಗಿ ಒಂದರಿಂದ ಆರು ತಿಂಗಳಾದ 129 ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ತೋರಿಕೆಯ ಚಿಕಿತ್ಸೆ, ಒಂದಕ್ಕೆ 2 ಮಿಲಿ ಆಂಪಿಯರ್, ಇನ್ನೊಂದಕ್ಕೆ 4 ಮಿಲಿ ಆಂಪಿಯರ್. ಮೂರೂ ಗುಂಪಿಗೆ ಎರಡು ವಾರಗಳಲ್ಲಿ ಹತ್ತು ಸಲ, ಸಲಕ್ಕೆ ಎರಡು ಗಂಟೆಯಂತೆ ಸೋತ ಕೈಯಿಂದ ಕಠಿಣ ಅಭ್ಯಾಸ ಮಾಡಿಸಿದರು. ಚಿಕಿತ್ಸೆ ಸುರಕ್ಷಿತವಾಗಿತ್ತು. ಆದರೆ ಅಭ್ಯಾಸಕ್ಕಿಂತ ಹೆಚ್ಚಿನ ಲಾಭವನ್ನು ವಿದ್ಯುತ್ತು ಕೊಡಲಿಲ್ಲ. ಮೂರು ಗುಂಪಿನವರೂ ಸುಧಾರಿಸಿದರು!

ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿರಿ. ವಿದ್ಯುತ್ತೇ ಇಲ್ಲದ ಗುಂಪಿನವರೂ ಸುಧಾರಿಸಿದರು. ಅವರಿಗೆ ಸಿಕ್ಕಿದ್ದು ಅಭ್ಯಾಸ.

ಹಾಗಾದರೆ ಹಳೆಯ ಪರೀಕ್ಷೆಗಳು ಸುಳ್ಳೇ? ಹಾಗೆ ಹೇಳಲಾಗದು. ಎಲ್ಲರ ತಲೆಬುರುಡೆಯೂ ಒಂದೇ ದಪ್ಪವಿರುವುದಿಲ್ಲ. ಲಕ್ವದ ಪೆಟ್ಟು ಒಬ್ಬರಿಗೆ ಮೇಲ್ಪದರದಲ್ಲಿ, ಇನ್ನೊಬ್ಬರಿಗೆ ಆಳದಲ್ಲಿ. ಕೆಲವರ ಕೈಯಲ್ಲಿ ಸ್ವಲ್ಪ ಚಲನೆ ಇರುತ್ತದೆ, ಕೆಲವರಲ್ಲಿ ಇರುವುದಿಲ್ಲ. ಆದ್ದರಿಂದ ಒಂದೇ ಅಳತೆಯ ವಿದ್ಯುತ್ತು ಎಲ್ಲರಿಗೂ ಒಂದೇ ರೀತಿ ಮುಟ್ಟುವುದಿಲ್ಲ. ಯಾರಿಗೆ, ಯಾವಾಗ, ಎಲ್ಲಿ ಕೊಟ್ಟರೆ ಉಪಯೋಗ ಎಂಬ ಸಂಶೋಧನೆ ಮುಂದುವರಿದಿದೆ. ಸಂಶೋಧನೆ ಮುಗಿಯುವವರೆಗೆ ಇದನ್ನು ಲಕ್ವಕ್ಕೆ ಖಾತ್ರಿಯಾದ ಮದ್ದು ಎಂದು ಯಾರಾದರೂ ಮಾರಿದರೆ ನಂಬಬಾರದು.

6. ಅಡ್ಡ ಪರಿಣಾಮಗಳು ಮತ್ತು ಎಚ್ಚರಿಕೆ

ತರಬೇತಿ ಪಡೆದವರು ಸರಿಯಾಗಿ ಕೊಟ್ಟರೆ ತೊಂದರೆ ಕಡಿಮೆ. ಸ್ಪಂಜಿನ ಕೆಳಗೆ ತುರಿಕೆ, ಚುರುಚುರು, ಚರ್ಮ ಕೆಂಪಾಗುವುದು, ಕೆಲವರಿಗೆ ತಲೆನೋವು ಅಥವಾ ಆಯಾಸ ಕಾಣಬಹುದು. ಸ್ಪಂಜು ಒಣಗಿದರೆ ಅಥವಾ ಸರಿಯಾಗಿ ಕೂರದಿದ್ದರೆ ಚರ್ಮ ಸುಡಬಹುದು.

ತಲೆಯೊಳಗೆ ಲೋಹದ ಕ್ಲಿಪ್ ಅಥವಾ ತಂತಿ ಇರುವವರು, ಶಸ್ತ್ರಚಿಕಿತ್ಸೆಯಲ್ಲಿ ಬುರುಡೆಯ ಮೂಳೆ ತೆಗೆದಿರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಫಿಟ್ಸ್ ಬರುವವರು, ತಲೆಯ ಚರ್ಮದ ಮೇಲೆ ಗಾಯವಿರುವವರು, ಗರ್ಭಿಣಿಯರು ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಇವರಲ್ಲಿ ಅನೇಕರಿಗೆ ಈ ಚಿಕಿತ್ಸೆ ಕೊಡುವುದಿಲ್ಲ.

ಬ್ಯಾಟರಿ ಮತ್ತು ತಂತಿ ಜೋಡಿಸಿ ಮನೆಯಲ್ಲಿ ಯಂತ್ರ ಮಾಡುವುದಾಗಲಿ, ಅಂಚೆಯಲ್ಲಿ ತರಿಸಿ ತಾವೇ ತಲೆಗೆ ಕಟ್ಟಿಕೊಳ್ಳುವುದಾಗಲಿ ಖಂಡಿತ ಬೇಡ. ಧನ, ಋಣ ಅದಲುಬದಲಾದರೆ ಪರಿಣಾಮವೂ ತಿರುಗುಮುರುಗಾಗಬಹುದು ಎಂಬುದನ್ನು ಮೇಲೆ ಓದಿದ್ದೀರಿ.

7. ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಎಲ್ಲಿಯೇ ಆಗಲಿ ಈ ಚಿಕಿತ್ಸೆಯ ಮಾತು ಬಂದರೆ ಸಂಕೋಚವಿಲ್ಲದೆ ಹೀಗೆ ಕೇಳಿರಿ:

ಒಂದು, ನಮ್ಮ ರೋಗಿಯ ಮಿದುಳಿನ ಸ್ಕ್ಯಾನ್ ನೋಡಿ ಈ ಸಲಹೆ ಕೊಡುತ್ತಿದ್ದೀರಾ?

ಎರಡು, ವಿದ್ಯುತ್ತಿನ ಜೊತೆಗೆ ಕೈಯ ಅಭ್ಯಾಸವನ್ನು ದಿನಕ್ಕೆ ಎಷ್ಟು ಹೊತ್ತು ಮಾಡಿಸುತ್ತೀರಿ, ಯಾರು ಮಾಡಿಸುತ್ತಾರೆ?

ಮೂರು, ಕೊಡುವ ವೈದ್ಯರು ನರರೋಗ ಅಥವಾ ಪುನಶ್ಚೇತನ ಚಿಕಿತ್ಸೆಯಲ್ಲಿ ತರಬೇತಿ ಪಡೆದವರೇ?

ನಾಲ್ಕು, ಸುಧಾರಣೆಯನ್ನು ಮೊದಲು ಮತ್ತು ಆಮೇಲೆ ಹೇಗೆ ಅಳೆಯುತ್ತೀರಿ? ಫಲ ಕಾಣದಿದ್ದರೆ ಯಾವಾಗ ನಿಲ್ಲಿಸುತ್ತೀರಿ?

ಐದು, ಇದು ಚಿಕಿತ್ಸೆಯೋ, ಸಂಶೋಧನೆಯೋ? ಸಂಶೋಧನೆಯಾದರೆ ನಿಮಗೆ ತಿಳಿಯುವ ಭಾಷೆಯಲ್ಲಿ ಬರೆದ ಒಪ್ಪಿಗೆ ಪತ್ರವಿರಬೇಕು. ಬೇಡವೆನಿಸಿದಾಗ ಹೊರಬರುವ ಹಕ್ಕು ನಿಮಗಿರುತ್ತದೆ. ಸಂಶೋಧನೆಗೆಂದು ಕೊಡುವ ಚಿಕಿತ್ಸೆಗೆ ನಿಮ್ಮಿಂದ ಹಣ ಪಡೆಯಬಾರದು.

ಎರಡನೇ ಪ್ರಶ್ನೆಗೆ "ಅಭ್ಯಾಸ ಬೇಕಿಲ್ಲ, ಯಂತ್ರವೇ ಸಾಕು" ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿರಿ. ಎತ್ತು ಮನೆಯಲ್ಲಿಯೇ ಇರಲಿ.

8. ಕೈಗೆ ಕಾಯಕ ಕೊಡಿರಿ

ಖರ್ಚಿಲ್ಲದ, ಫಲ ಕಂಡುಬಂದಿರುವ ದಾರಿ ಅಭ್ಯಾಸದ್ದು. 2006ರಲ್ಲಿ ಅಮೆರಿಕದಲ್ಲಿ 222 ಲಕ್ವ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಕೈಯಲ್ಲಿ ಸ್ವಲ್ಪವಾದರೂ ಚಲನೆ ಉಳಿದಿದ್ದವರ ಒಳ್ಳೆಯ ಕೈಗೆ ಎರಡು ವಾರ ದಪ್ಪ ಕೈಚೀಲ ಹಾಕಿ, ಸೋತ ಕೈಯಿಂದಲೇ ಕೆಲಸ ಮಾಡಿಸಿದರು. ಅದರ ಲಾಭ ಒಂದು ವರ್ಷದ ನಂತರವೂ ಉಳಿದಿತ್ತು.

ಆದರೆ ಅಭ್ಯಾಸ ಎಷ್ಟು ಎಂಬುದು ಮುಖ್ಯ. 2009ರಲ್ಲಿ ಅಮೆರಿಕ, ಕೆನಡಾಗಳ ಚಿಕಿತ್ಸಾ ಕೇಂದ್ರಗಳಲ್ಲಿ ಎಣಿಸಿ ನೋಡಿದಾಗ, ಒಂದು ಸಲದ ಚಿಕಿತ್ಸೆಯಲ್ಲಿ ಕೈಯ ಉಪಯುಕ್ತ ಚಲನೆಗಳು ಸರಾಸರಿ 32 ಮಾತ್ರ ಇದ್ದವು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳು ಬದಲಾದದ್ದು ದಿನಕ್ಕೆ ನೂರಾರು ಸಲ ಮಾಡಿಸಿದಾಗ. ಆಸ್ಪತ್ರೆಯ ಅರ್ಧ ಗಂಟೆ ಸಾಲದು ಎಂದಾಯಿತು. ಉಳಿದದ್ದು ನಿಮ್ಮ ಮನೆಯ ಪಡಸಾಲೆಯಲ್ಲಿ ಆಗಬೇಕು.

ನಮ್ಮ ಮನೆಗಳಲ್ಲಿ ಇದಕ್ಕೆ ಬೇಕಾದ ಸಾಮಾನು ಎಲ್ಲವೂ ಇದೆ.

ತಟ್ಟೆಯಲ್ಲಿ ಹುಣಸೆ ಬೀಜ ಹಾಕಿ ಒಂದೊಂದಾಗಿ ಎತ್ತಿ ಲೋಟಕ್ಕೆ ಹಾಕಲಿ. ಅದು ಸುಲಭವಾದ ಮೇಲೆ ಕಡಲೆಕಾಳು, ಆಮೇಲೆ ಜೋಳ. ಎಣಿಸುವ ಕೆಲಸ ಮೊಮ್ಮಕ್ಕಳಿಗೆ ಕೊಡಿರಿ.

ಖಾಲಿ ಸ್ಟೀಲ್ ಲೋಟ ಹಿಡಿದು ಬಾಯಿಯವರೆಗೆ ಒಯ್ದು ಮತ್ತೆ ಇಡಲಿ. ಆಮೇಲೆ ಕಾಲು ಲೋಟ ತಣ್ಣೀರು. ಬಿಸಿ ಚಹಾ ಬೇಡ, ಸೋತ ಕೈಗೆ ಸುಡುವುದು ತಿಳಿಯದಿರಬಹುದು.

ರೊಟ್ಟಿ ಹಿಟ್ಟನ್ನು ಎರಡೂ ಕೈ ಸೇರಿಸಿ ನಾದುವುದು, ಒದ್ದೆ ಬಟ್ಟೆ ಹಿಂಡುವುದು, ಹಳೆಯ ಅಂಗಿಯ ಗುಂಡಿ ಹಾಕಿ ತೆಗೆಯುವುದು, ನಾಣ್ಯ ಎಣಿಸುವುದು, ಸ್ಲೇಟಿನ ಮೇಲೆ ಹೆಸರು ಬರೆಯುವುದು, ಇವೆಲ್ಲ ಒಳ್ಳೆಯ ಅಭ್ಯಾಸಗಳೇ.

ಒಂದು ಸಲಕ್ಕೆ 20ರಿಂದ 30 ಚಲನೆಯಂತೆ, ದಿನಕ್ಕೆ ನಾಲ್ಕೈದು ಸಲ ಶುರುಮಾಡಿ, ಫಿಜಿಯೋಥೆರಪಿಯವರ ಸಲಹೆಯಂತೆ ನಿಧಾನವಾಗಿ ಹೆಚ್ಚಿಸಿರಿ. ಕೆಲಸ ಸುಲಭವಾದ ಕೂಡಲೇ ಸ್ವಲ್ಪ ಕಷ್ಟದ್ದನ್ನು ಕೊಡಬೇಕು. ಸುಲಭದ್ದನ್ನೇ ಮಾಡುತ್ತಿದ್ದರೆ ಮಿದುಳು ಹೊಸದೇನೂ ಕಲಿಯುವುದಿಲ್ಲ. ನೋವಾದರೆ ನಿಲ್ಲಿಸಿರಿ. ಸೋತ ಕೈಯನ್ನು ಹಿಡಿದೆಳೆದು ರೋಗಿಯನ್ನು ಎಬ್ಬಿಸಬೇಡಿರಿ, ಭುಜದ ಕೀಲು ಜಾರುತ್ತದೆ. ಒಳ್ಳೆಯ ಕೈಯನ್ನು ಕಟ್ಟಿಹಾಕುವ ಕ್ರಮವನ್ನು ಫಿಜಿಯೋಥೆರಪಿಯವರು ಹೇಳದೆ ಮಾಡಬೇಡಿರಿ, ಏಕೆಂದರೆ ನಡಿಗೆ ಸ್ಥಿರವಿಲ್ಲದವರು ಬೀಳಬಹುದು. ಬೆರಳು ಸ್ವಲ್ಪವೂ ಅಲುಗದವರಿಗೆ ಕನ್ನಡಿ ಇಟ್ಟು ಮಾಡಿಸುವ ಅಭ್ಯಾಸದಂಥ ಬೇರೆ ಕ್ರಮಗಳಿವೆ. ಅವನ್ನು ಕೇಳಿ ತಿಳಿಯಿರಿ.

ರಾತ್ರಿ ಒಳ್ಳೆಯ ನಿದ್ದೆಯಾಗಲಿ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದು. ಎರಡನೇ ಸಲ ಲಕ್ವ ಹೊಡೆದರೆ ತಿಂಗಳುಗಟ್ಟಲೆ ಕಲಿತದ್ದು ಒಂದೇ ಗಳಿಗೆಯಲ್ಲಿ ಅಳಿಸಿಹೋಗಬಹುದು.

9. ಬಂಧುಗಳಿಗೆ ಒಂದು ಮಾತು

ಅವ್ವ ಲೋಟ ಹಿಡಿಯಲು ತಡವರಿಸುವುದನ್ನು ನೋಡಿದರೆ ಮಗಳ ಕರುಳು ಚುರ್ ಎನ್ನುತ್ತದೆ. ಓಡಿಹೋಗಿ ತಾನೇ ಕುಡಿಸುತ್ತಾಳೆ. ಅಪ್ಪನ ಅಂಗಿಯ ಗುಂಡಿಯನ್ನು ಮಗ ಒಂದು ನಿಮಿಷದಲ್ಲಿ ಹಾಕಿ ಮುಗಿಸುತ್ತಾನೆ. ಇದು ಪ್ರೀತಿಯೇ, ಸಂದೇಹವಿಲ್ಲ. ಆದರೆ ಆ ಒಂದು ನಿಮಿಷದಲ್ಲಿ ಕಲಿಯಬೇಕಾಗಿದ್ದ ಮಿದುಳಿನ ಕೈಯಿಂದ ಪುಸ್ತಕ ಕಿತ್ತುಕೊಂಡಂತಾಯಿತು. ಹತ್ತಿರ ಕೂತು ಕಾಯಿರಿ. ಲೋಟ ಬಿದ್ದರೆ ನೀರು ಒರೆಸಿದರಾಯಿತು. ಗುಂಡಿ ಹಾಕಲು ಹತ್ತು ನಿಮಿಷ ಬೇಕಾದರೆ ಹತ್ತು ನಿಮಿಷ ಮೊದಲೇ ಶುರುಮಾಡಿರಿ. ನಿನ್ನೆ ಎಂಟು ಕಾಳು, ಇವತ್ತು ಹತ್ತು ಕಾಳು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿರಿ. ಸುಧಾರಣೆ ಕಣ್ಣಿಗೆ ಕಾಣದ ದಿನಗಳಲ್ಲಿ ಆ ಲೆಕ್ಕವೇ ಧೈರ್ಯ ಕೊಡುತ್ತದೆ.

ನಾಳೆ ಯಾವುದಾದರೂ ದೊಡ್ಡ ಪರೀಕ್ಷೆಯಲ್ಲಿ ಮಂದ ವಿದ್ಯುತ್ತಿನಿಂದ ನಿಜವಾದ ಲಾಭವಿದೆ ಎಂದು ಸಿದ್ಧವಾಗಬಹುದು. ಹಾಗಾದರೆ ಸಂತೋಷವೇ. ಆಗಲೂ ಆ ವಿದ್ಯುತ್ತು ಬಂದು ಹದ ಮಾಡುವುದು ದಿನವೂ ಕೆಲಸ ಮಾಡುತ್ತಿರುವ ಕೈಯ ಮಿದುಳನ್ನೇ. ಆ ದಿನಕ್ಕಾಗಿ ಕಾಯುತ್ತಾ ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಡಿರಿ.

ನಿಮ್ಮ ರೋಗಿಯ ಕೈಗೆ ಯಾವ ಅಭ್ಯಾಸ ತಕ್ಕದ್ದು ಎಂದು ಬಿಡುಗಡೆಯಾಗಿ ಊರಿಗೆ ಹೋಗುವ ಮೊದಲು ನಮ್ಮ ಫಿಜಿಯೋಥೆರಪಿ ವಿಭಾಗದಲ್ಲಿ ಕೇಳಿ, ಮಾಡಿ ನೋಡಿ, ಬರೆಸಿಕೊಂಡು ಹೋಗಿರಿ. ಮುಂದಿನ ಭೇಟಿಗೆ ಬರುವಾಗ ಕಾಳಿನ ಲೆಕ್ಕ ಬರೆದ ಕ್ಯಾಲೆಂಡರನ್ನು ಜೊತೆಗೆ ತನ್ನಿರಿ.